ಅರಸನಿಲ್ಲದ ಊರಿನ ಮಣ್ಣಿನ ದಿಬ್ಬ

ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಹಳೆಯ ಪಟ್ಟಣವಿದೆ. ಅಲ್ಲಿನ ದೊಡ್ಡ ಮಸೀದಿ ಪೂರ್ತಿ ಮಣ್ಣಿನದು. 1907ರಲ್ಲಿ ಈಗಿನ ರೂಪ ಪಡೆದ ಈ ಕಟ್ಟಡಕ್ಕೆ ಊರವರೆಲ್ಲ ಸೇರಿ ವರ್ಷಕ್ಕೊಮ್ಮೆ ಹೊಸ ಮಣ್ಣು ಮೆತ್ತುತ್ತಾರೆ. ಅದನ್ನು ನೋಡಲು, ಚಿತ್ರ ತೆಗೆಯಲು ದೂರದೂರದಿಂದ ಜನ ಬರುತ್ತಿದ್ದರು. ಆದರೆ ಪಟ್ಟಣದಿಂದ ಆಗ್ನೇಯಕ್ಕೆ ಮೂರು ಕಿಲೋಮೀಟರ್ ನಡೆದರೆ ಸಿಗುವ ಬೋಳು ದಿಬ್ಬವೊಂದನ್ನು ವಿದ್ವಾಂಸರೂ ಬಹುಕಾಲ ಹೆಚ್ಚು ಗಮನಿಸಿರಲಿಲ್ಲ. ಸುಮಾರು 33 ಹೆಕ್ಟೇರ್ ಹರಡಿರುವ ಆ ದಿಬ್ಬದ ಮೇಲೆ ಎಲ್ಲಿ ಕಾಲಿಟ್ಟರೂ ಮಡಕೆಯ ಬೋಕಿಗಳು. ಸ್ಥಳೀಯರು ಅದನ್ನು ಜೆನ್ನೆ-ಜೆನೊ, ಅಂದರೆ ಹಳೆಯ ಜೆನ್ನೆ ಎಂದೇ ಕರೆಯುತ್ತಿದ್ದರು. ಇತಿಹಾಸಕಾರರಿಗೆ ಗೊತ್ತಿರದಿದ್ದುದು ಊರವರ ಬಾಯಲ್ಲಿತ್ತು.

1977ರಲ್ಲಿ ಅಲ್ಲಿಗೆ ಗುದ್ದಲಿ ಹಿಡಿದು ಬಂದವರು ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು. ರೊಡೆರಿಕ್ ಮೆಕಿಂಟೋಷ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಅವರ ಪತ್ನಿ ಸೂಸಾನ್ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರೇಟ್‌ಗೆ ಅಧ್ಯಯನ ನಡೆಸುತ್ತಿದ್ದರು. ಇಬ್ಬರಿಗೂ ಇನ್ನೂ ಇಪ್ಪತ್ತರ ಹರೆಯ. ಪ್ರಬಂಧಕ್ಕೆ ಸಾಮಗ್ರಿ ಹುಡುಕಿಕೊಂಡು ಹೊರಟ ಈ ವಿದ್ಯಾರ್ಥಿ ಯಾತ್ರೆ ಆಫ್ರಿಕದ ಇತಿಹಾಸದ ಒಂದು ಅಧ್ಯಾಯವನ್ನೇ ತಿದ್ದಿ ಬರೆಯುವಂತೆ ಮಾಡಿತು.

ಆಗ ಪುಸ್ತಕಗಳು ಹೇಳುತ್ತಿದ್ದ ಕಥೆ ಬೇರೆ. ಸಹಾರಾ ಮರುಭೂಮಿಯನ್ನು ಒಂಟೆಗಳ ಮೇಲೆ ದಾಟಿ ಉತ್ತರದ ವರ್ತಕರು ಬಂದರು. ಅವರ ಉಪ್ಪಿಗೆ ಇಲ್ಲಿನ ಚಿನ್ನ ವಿನಿಮಯವಾಯಿತು. ಆ ವ್ಯಾಪಾರದ ಆಸರೆಯಲ್ಲಿ ಎಂಟು-ಒಂಬತ್ತನೇ ಶತಮಾನದ ಬಳಿಕ ಪಟ್ಟಣಗಳು, ಅವುಗಳ ಹಿಂದೆಯೇ ರಾಜ್ಯಗಳು ಹುಟ್ಟಿದವು ಎಂಬುದು ಆ ಕಥೆ. ಫ್ರೆಂಚರ ಆಳ್ವಿಕೆಯ ಕಾಲದ ಪುರಾತತ್ವಜ್ಞರು ಅರಬ್ಬಿ ಗ್ರಂಥಗಳಲ್ಲಿ ಹೆಸರಿದ್ದ ಊರುಗಳನ್ನೇ ಹುಡುಕಿ ಅಗೆದರು. ಅಲ್ಲಿ ಸಹಜವಾಗಿಯೇ ಅರಬ್ಬರೊಡನೆ ನಡೆದ ವ್ಯಾಪಾರದ ಕುರುಹುಗಳು ಸಿಕ್ಕವು. ದೀಪವಿದ್ದ ಕಡೆಯಲ್ಲಿ ಮಾತ್ರ ಹುಡುಕಿದರೆ ಬೆಳಕಿನಲ್ಲಿರುವುದಷ್ಟೇ ಕಾಣುತ್ತದೆ.

ಜೆನ್ನೆಯ ಬಗ್ಗೆ ಬರಹದ ದಾಖಲೆ ಇಲ್ಲವೆಂದಲ್ಲ. ಅಲ್-ಸಾದಿ ಎಂಬ ವಿದ್ವಾಂಸ ಕೆಲಕಾಲ ಜೆನ್ನೆಯಲ್ಲಿ ಇಮಾಮನಾಗಿದ್ದವನು. ಅವನು 1655ರ ಸುಮಾರಿಗೆ ಮುಗಿಸಿದ ‘ತಾರೀಖ್ ಅಲ್-ಸೂದಾನ್’ ಎಂಬ ಚರಿತ್ರೆಯಲ್ಲಿ ಈ ಊರು ಹಿಜರಿ ಎರಡನೇ ಶತಮಾನದ ಮಧ್ಯದಲ್ಲಿ, ಎಂದರೆ ಕ್ರಿ.ಶ. ಎಂಟನೇ ಶತಮಾನದಲ್ಲಿ ಸ್ಥಾಪನೆಯಾಯಿತು ಎಂಬ ಮಾತಿದೆ. ಅದನ್ನು ದಂತಕಥೆಯೆಂದು ಪಕ್ಕಕ್ಕಿಟ್ಟವರೇ ಹೆಚ್ಚು. ನೆಲ ಅಗೆದಾಗ ತಿಳಿದದ್ದು, ಅಲ್-ಸಾದಿ ಊರಿಗೆ ಕೊಟ್ಟ ವಯಸ್ಸು ಹೆಚ್ಚಾಗಿರಲಿಲ್ಲ, ಕಡಿಮೆಯಾಗಿತ್ತು!

ಅಗೆಯುವುದೂ ಸುಲಭದ ಮಾತಲ್ಲ. ಕಲ್ಲಿನ ಕಟ್ಟಡವಾದರೆ ಅಡಿಪಾಯ ತಾನಾಗಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಗೋಡೆಯೂ ಮಣ್ಣು, ಗೋಡೆ ಬಿದ್ದು ತುಂಬಿಕೊಂಡದ್ದೂ ಮಣ್ಣು, ಅದರ ಮೇಲೆ ಮತ್ತೆ ಎದ್ದ ಗೋಡೆಯೂ ಮಣ್ಣು. ಮಣ್ಣಿನೊಳಗಿರುವ ಮಣ್ಣನ್ನು ಗುರುತಿಸುವುದು ಹೇಗೆ? ರೊಡೆರಿಕ್ ಅವರು ಇದಕ್ಕೆ ಮೊದಲೇ ಘಾನಾ ದೇಶದ ಹಳ್ಳಿಯೊಂದರಲ್ಲಿ ಪಾಳುಬಿದ್ದ ಮನೆಗಳನ್ನು ನೋಡಿ, ಮಣ್ಣಿನ ಗೋಡೆ ಮಳೆಗೆ ಹೇಗೆ ಕರಗುತ್ತದೆ, ಬುಡದಲ್ಲಿ ಹೇಗೆ ಕೊರೆಯುತ್ತದೆ, ಯಾವ ಕಡೆಗೆ ಕುಸಿಯುತ್ತದೆ ಎಂಬುದನ್ನು ಅಭ್ಯಾಸ ಮಾಡಿ 1974ರಲ್ಲಿ ಲೇಖನ ಬರೆದಿದ್ದರು. ಬದುಕಿರುವ ಹಳ್ಳಿಯಲ್ಲಿ ಕಲಿತ ಪಾಠ ಸತ್ತ ಊರನ್ನು ಓದಲು ನೆರವಾಯಿತು. ಪದರದಿಂದ ಪದರಕ್ಕೆ ಇಳಿದು, ಒಲೆಗಳ ಇದ್ದಿಲನ್ನು ಕಾಲನಿರ್ಣಯಕ್ಕೆ ಪ್ರಯೋಗಾಲಯಕ್ಕೆ ಕಳಿಸಲಾಯಿತು. ತಳದ ಪದರಕ್ಕೆ ಬಂದ ಉತ್ತರ ಸುಮಾರು ಕ್ರಿ.ಪೂ. 250. ಅರಬ್ಬರ ವ್ಯಾಪಾರಕ್ಕಿಂತ ಸಾವಿರ ವರ್ಷ ಹಿಂದಿನ ಮಾತು.

ಮೊದಲು ಬಂದು ನೆಲೆಸಿದವರಿಗೆ ಕಬ್ಬಿಣ ಗೊತ್ತಿತ್ತು. ಅವರು ಮೀನು ಹಿಡಿಯುತ್ತಿದ್ದರು, ದನ ಸಾಕುತ್ತಿದ್ದರು, ಭತ್ತ ಬೆಳೆಯುತ್ತಿದ್ದರು. ಈ ಭತ್ತ ನಮ್ಮ ಗದ್ದೆಗಳದ್ದಲ್ಲ. ಏಷ್ಯಾದ ಭತ್ತದಿಂದ ಬೇರೆಯಾದ, ಆಫ್ರಿಕದವರೇ ತಮ್ಮ ಕಾಡು ಹುಲ್ಲಿನಿಂದ ಪಳಗಿಸಿಕೊಂಡ ಪ್ರತ್ಯೇಕ ಜಾತಿ ಅದು. ನೈಜರ್ ನದಿಯೂ ಅದರ ಉಪನದಿ ಬಾನಿಯೂ ಪ್ರತಿವರ್ಷ ಉಕ್ಕಿ ಇಲ್ಲಿನ ಬಯಲನ್ನೆಲ್ಲ ಮುಳುಗಿಸುತ್ತವೆ. ನೆರೆಯ ಕಾಲದಲ್ಲಿ ದಿಬ್ಬ ದ್ವೀಪವಾಗುತ್ತದೆ, ನೀರು ಇಳಿದಾಗ ಹುಲ್ಲುಗಾವಲಾಗುತ್ತದೆ. ಅನ್ನಕ್ಕೂ ಮೀನಿಗೂ ಕೊರತೆಯಿಲ್ಲದ ಈ ಬಯಲಿನಲ್ಲಿ ಇಲ್ಲದಿದ್ದವು ಕಲ್ಲು, ಕಬ್ಬಿಣದ ಅದಿರು, ತಾಮ್ರ ಮತ್ತು ಉಪ್ಪು. ಬೀಸುವ ಕಲ್ಲನ್ನೂ ಹೊರಗಿನಿಂದಲೇ ತರಬೇಕು. ಹಾಗಾಗಿ ವ್ಯಾಪಾರ ಇಲ್ಲಿ ಮೊದಲ ದಿನದಿಂದಲೇ ಇತ್ತೆನ್ನಬೇಕು. ಕ್ರಿ.ಶ. 400ರ ಹೊತ್ತಿಗೆ ನೂರಾರು ಮೈಲಿ ದೂರದಿಂದ ತಾಮ್ರ ಬರುತ್ತಿತ್ತು. ಕೆಳಗಿನ ಪದರಗಳಲ್ಲಿ ಸಿಕ್ಕ ಒಂದೆರಡು ಗಾಜಿನ ಮಣಿಗಳ ರಾಸಾಯನಿಕ ಗುಣ ಏಷ್ಯಾದ ಕಡೆಗೇ ಬೊಟ್ಟು ಮಾಡಿತು. ಎಷ್ಟು ಕೈ ದಾಟಿ ಅವು ಇಲ್ಲಿಗೆ ಬಂದವೋ! ಮೇಲಿನ ಪದರದಲ್ಲಿ ಚಿನ್ನದ ಓಲೆಯೊಂದೂ ಸಿಕ್ಕಿತು.

1981ರಲ್ಲಿ ಮತ್ತೆ ನಡೆದ ಉತ್ಖನನ ಊರಿನ ಗಾತ್ರವನ್ನು ಖಚಿತಪಡಿಸಿತು. ಒಂಬತ್ತನೇ ಶತಮಾನದ ಹೊತ್ತಿಗೆ ಊರು ದಿಬ್ಬದ ತುಂಬ ಹರಡಿತ್ತು. ಸುತ್ತ ಸುಮಾರು ಎರಡು ಕಿಲೋಮೀಟರ್ ಉದ್ದದ ಕೋಟೆಗೋಡೆ. ಅದರ ಬುಡದ ಅಗಲ ಮೂರೂವರೆ ಮೀಟರಿಗೂ ಹೆಚ್ಚು. ಕಟ್ಟಿದ್ದು ಉರುಳೆಯಾಕಾರದ ಹಸಿ ಇಟ್ಟಿಗೆಗಳಿಂದ. ಅಂಥ ಇಟ್ಟಿಗೆಯನ್ನು ಜೆನ್ನೆಯ ಗೌಂಡಿಗಳು ಇಪ್ಪತ್ತನೇ ಶತಮಾನದವರೆಗೂ ಬಳಸುತ್ತಿದ್ದರು. ಒಳಗೆ ಒತ್ತೊತ್ತಾಗಿ ದುಂಡು ಮನೆಗಳು. ಸತ್ತವರನ್ನು ದೊಡ್ಡ ಮಡಕೆಗಳಲ್ಲಿಟ್ಟು ಊರೊಳಗೇ ಹೂಳುತ್ತಿದ್ದರು.

ಇಷ್ಟೆಲ್ಲ ಸಿಕ್ಕರೂ ಪಂಡಿತರು ನಿರೀಕ್ಷಿಸಿದ್ದ ಒಂದು ವಸ್ತು ಸಿಗಲಿಲ್ಲ. ಅರಮನೆ ಎಲ್ಲಿ? ರಾಜನ ಗೋರಿ ಎಲ್ಲಿ? ದೊಡ್ಡ ಗುಡಿ, ಧಾನ್ಯದ ಸರ್ಕಾರಿ ಉಗ್ರಾಣ, ಯಾವುದೂ ಇಲ್ಲ. ಅದರ ಬದಲು ಕಂಡದ್ದು ಗುಂಪುಗುಂಪಾದ ದಿಬ್ಬಗಳು. ಜೆನ್ನೆ-ಜೆನೊದ ಸುತ್ತ ನಾಲ್ಕು ಕಿಲೋಮೀಟರ್ ಒಳಗೇ ಹತ್ತಾರು ಹಾಳು ನೆಲೆಗಳಿವೆ. ಕಬ್ಬಿಣ ಕಾಯಿಸುವವರು, ಮೀನುಗಾರರು, ನೇಯುವವರು, ಹೀಗೆ ಒಂದೊಂದು ಕಸುಬಿನವರು ಒಂದೊಂದು ದಿಬ್ಬದಲ್ಲಿದ್ದು, ಪರಸ್ಪರ ಕೊಟ್ಟು ಕೊಂಡು ಬದುಕಿದ್ದರು ಎಂಬುದು ಮೆಕಿಂಟೋಷ್ ದಂಪತಿಗಳ ವಾದ. ದೊಡ್ಡ ಊರು ಕಟ್ಟಲು ಒಬ್ಬ ಅರಸನೂ ಅವನ ದಂಡೂ ಇರಲೇಬೇಕು ಎಂಬ ಹಳೆಯ ನಂಬಿಕೆಗೆ ಇದು ನೇರ ಸವಾಲು. ವಾದವನ್ನು ಎಲ್ಲರೂ ಒಪ್ಪಿಲ್ಲ. ಅಗೆದಿರುವುದು ದಿಬ್ಬದ ತೀರ ಸಣ್ಣ ಪಾಲಾದ್ದರಿಂದ ಅರಮನೆ ಸಿಗಲಿಲ್ಲವೆಂದ ಮಾತ್ರಕ್ಕೆ ಇರಲಿಲ್ಲವೆಂದು ಹೇಳಲಾಗದು. ಆದರೂ ಸುಮಾರು 1,600 ವರ್ಷ ನಿರಂತರವಾಗಿ ಬದುಕಿದ ಊರಿನಲ್ಲಿ ಅಧಿಕಾರದ ಮೊಹರು ಇಷ್ಟು ಮಸುಕಾಗಿರುವುದು ವಿಚಾರಕ್ಕೆ ಹಚ್ಚುವ ಸಂಗತಿಯೇ ಸರಿ.

1400ರ ಹೊತ್ತಿಗೆ ಜನ ಹಳೆಯ ಊರನ್ನು ಬಿಟ್ಟಿದ್ದರು. ಹೊಸ ಧರ್ಮ ಹಿಡಿದವರು ಹಳೆಯ ಆಚರಣೆಗಳ ನೆಲದಿಂದ ಈಗಿನ ಜೆನ್ನೆಗೆ ಸರಿದರು ಎಂಬ ಊಹೆ ಇದೆ. ಮಳೆ ಕಡಿಮೆಯಾದದ್ದೂ ಕಾರಣವಿರಬಹುದು.

ಕಥೆಯ ಇನ್ನೊಂದು ಮುಖ ಕಳ್ಳರದು. ಈ ಬಯಲಿನ ದಿಬ್ಬಗಳಲ್ಲಿ ಸುಟ್ಟ ಮಣ್ಣಿನ ಬೊಂಬೆಗಳಿವೆ. ಮಂಡಿಯೂರಿದವರು, ಮೈಮೇಲೆ ಹಾವು ಹರಿದವರು, ಕುದುರೆ ಏರಿದವರು. ಶಾಸ್ತ್ರೀಯ ಉತ್ಖನನದಲ್ಲಿ ಇಂಥವು ಮನೆಯ ನೆಲದಡಿಯಲ್ಲಿ, ಗೋಡೆಯೊಳಗೆ ಸಿಕ್ಕವು. ಎಂದರೆ ಇವು ಮನೆಮಂದಿಯ ಪೂಜೆಗೆ ಸೇರಿದವು ಎಂದು ತಿಳಿಯಿತು. ಕದ್ದು ಅಗೆದ ಬೊಂಬೆಗೆ ಈ ಜಾಗವೇ ಇಲ್ಲ. ಅದು ಯಾವ ಊರಿನದು, ಯಾವ ಕಾಲದ್ದು, ಪಕ್ಕದಲ್ಲಿ ಏನಿತ್ತು, ಯಾರೂ ಹೇಳಲಾರರು. ಬರಗಾಲದಲ್ಲಿ ಹೊಟ್ಟೆಗಿಲ್ಲದ ರೈತ ದಿನಗೂಲಿಗೆ ಅಗೆದ ಬೊಂಬೆ ಯುರೋಪು, ಅಮೆರಿಕದ ಮಾರುಕಟ್ಟೆಯಲ್ಲಿ ಸಾವಿರಾರು ಡಾಲರಿಗೆ ಮಾರಾಟವಾಯಿತು. 1996ರಲ್ಲಿ ಫ್ರಾನ್ಸಿನ ಅಧ್ಯಕ್ಷ ಜಾಕ್ ಶಿರಾಕ್ ಅವರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದ ಮಣ್ಣಿನ ಟಗರು ಮಾಲಿಯಿಂದ ಕಳುವಾದದ್ದೆಂದು ಬಯಲಾಯಿತು. ಅದು 1998ರಲ್ಲಿ ಮಾಲಿಗೆ ಮರಳಿತು. ಅಮೆರಿಕ 1993ರಲ್ಲೇ ಈ ಪ್ರದೇಶದ ಪ್ರಾಚೀನ ವಸ್ತುಗಳ ಆಮದನ್ನು ನಿಷೇಧಿಸಿತ್ತು. ಅಧ್ಯಕ್ಷರ ಮನೆಯ ಟಗರು ಮರಳಿದ್ದು ಸುದ್ದಿಯಾಯಿತು. ಶ್ರೀಮಂತರ ಕಪಾಟುಗಳಲ್ಲಿ ಉಳಿದವುಗಳ ಲೆಕ್ಕ ಯಾರಲ್ಲಿದೆ?

ಮೆಕಿಂಟೋಷ್ ದಂಪತಿಗಳು ಮುಂದೆ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮಾಲಿಯ ತೆರೇಬಾ ತೊಗೋಲಾ 1993ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದರು. ಮೇಮಾ ಎಂಬ ಒಣ ಸೀಮೆಯ ಹಾಳು ದಿಬ್ಬಗಳನ್ನು ಶೋಧಿಸಿದ ಅವರು ಬಳಿಕ ತಮ್ಮ ದೇಶದ ಸಾಂಸ್ಕೃತಿಕ ಪರಂಪರೆ ಇಲಾಖೆಯ ನಿರ್ದೇಶಕರಾಗಿ ಕಳ್ಳ ಅಗೆತದ ವಿರುದ್ಧ ದುಡಿದು 2005ರಲ್ಲಿ ತೀರಿಕೊಂಡರು. ಹೊರಗಿನ ವಿದ್ಯಾರ್ಥಿಗಳು ಆರಂಭಿಸಿದ ಕೆಲಸ ಊರಿನವರ ಕೈಗೆ ಬಂದದ್ದು ಹೀಗೆ.

1988ರಲ್ಲಿ ಯುನೆಸ್ಕೊ ಜೆನ್ನೆಯನ್ನೂ ಅದರ ಹಳೆಯ ದಿಬ್ಬಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2012ರಲ್ಲಿ ಮಾಲಿಯ ಉತ್ತರದಲ್ಲಿ ಎದ್ದ ದಂಗೆ ನಡುನಾಡಿಗೂ ಹಬ್ಬಿತು. ಪ್ರವಾಸಿಗರು ನಿಂತರು, ಹೊರದೇಶದ ಸಂಶೋಧಕರ ಓಡಾಟವೂ ಕುಗ್ಗಿತು. 2016ರಲ್ಲಿ ಜೆನ್ನೆಯ ಹೆಸರು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು. ಮಳೆಗಾಲ ಬಂದಾಗ ದಿಬ್ಬದ ಇಳಿಜಾರಿನಲ್ಲಿ ನೀರು ಕೊರಕಲು ಕೊರೆಯುತ್ತದೆ. ಒಂದಿಷ್ಟು ಗೋಡೆ, ಒಂದಿಷ್ಟು ಬೋಕಿ ಬಯಲಿಗೆ ಜಾರುತ್ತವೆ.