ಘಟ್ಟ ಹತ್ತಿದವರ ಸಾಕ್ಷಿ

ಆಗುಂಬೆ ಎಂದಕೂಡಲೇ ನಮಗೆ ನೆನಪಾಗುವುದು ಮಳೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಸುರಿಸಿಕೊಳ್ಳುವ ಊರಿನ ವಿಷಯದಲ್ಲಿ ಅದು ಸಹಜವೇ. ಆದರೆ ಈ ಘಟ್ಟದಲ್ಲಿ ಜನ ನಡೆದಾಡಿದ ಚರಿತ್ರೆ ಬರೆಯಹೊರಟರೆ ಮಳೆಗಾಲವನ್ನು ಪಕ್ಕಕ್ಕಿಟ್ಟು ಚಳಿಗಾಲದಿಂದ ಶುರುಮಾಡಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಳ್ಳಗಳು ಉಕ್ಕಿ, ಕಲ್ಲು ಪಾಚಿಗಟ್ಟಿ, ಹೆಜ್ಜೆಗೊಂದು ಉಂಬಳ ಹತ್ತುವಾಗ ಘಟ್ಟದ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ದಾರಿ ಮತ್ತೆ ತೆರೆದುಕೊಳ್ಳುತ್ತಿತ್ತು. ಮಲೆನಾಡಿನ ಘಟ್ಟದ ದಾರಿಗಳ ಕುರಿತು ಪಿಎಚ್‌.ಡಿ. ಮಾಡುತ್ತಿರುವ ನಾನು ಕಳೆದ ಕೆಲವು ವರ್ಷಗಳಿಂದ ಹಿಂಬಾಲಿಸುತ್ತಿರುವುದು ಈ ನಾಲ್ಕು ತಿಂಗಳ ಓಡಾಟವನ್ನು.

ಈಗಲೂ ಚಳಿಗಾಲವೇ ಇಲ್ಲಿಯ ನಡಿಗೆಯ ಕಾಲ. ಡಿಸೆಂಬರಿನ ಬೆಳಿಗ್ಗೆ ಕಣಿವೆ ತುಂಬ ಮಂಜು ನಿಂತಿರುತ್ತದೆ. ಮರದೆಲೆಗಳಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಸಣ್ಣ ಮಳೆಯ ಹಾಗೆಯೇ ಕೇಳುತ್ತದೆ. ಹತ್ತು ಗಂಟೆಯ ಹೊತ್ತಿಗೆ ಮಂಜು ಎದ್ದು ಹೋದರೆ ಕೆಳಗೆ ಸೋಮೇಶ್ವರದ ಕಾಡು, ಅದರಾಚೆ ಕರಾವಳಿಯ ಬಯಲು, ಆಕಾಶ ತಿಳಿಯಾಗಿದ್ದ ಸಂಜೆ ಅರಬ್ಬಿ ಸಮುದ್ರದ ಮೇಲೆ ಇಳಿಯುವ ಸೂರ್ಯ. ಶನಿವಾರ ಭಾನುವಾರ ಬೆಂಗಳೂರಿನ, ಮಂಗಳೂರಿನ ಗಾಡಿಗಳು ಸೂರ್ಯಾಸ್ತದ ಕಟ್ಟೆಯ ಬಳಿ ಸಾಲುಗಟ್ಟುತ್ತವೆ. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಕುಂದಾದ್ರಿ, ನರಸಿಂಹ ಪರ್ವತ ಎಂದು ಮಾತಾಡಿಕೊಳ್ಳುತ್ತಾರೆ. ಬೆಟ್ಟವನ್ನು ಸಂತೋಷಕ್ಕಾಗಿ ಹತ್ತುವ ಈ ರೂಢಿ ನಮ್ಮಲ್ಲಿ ಹೊಸದು. ಇದೇ ಘಟ್ಟವನ್ನು ಇವರಿಗಿಂತ ಮೊದಲು ನೂರಾರು ವರ್ಷ ಹತ್ತಿದವರ ಬೆನ್ನ ಮೇಲೆ, ತಲೆಯ ಮೇಲೆ ಇದ್ದದ್ದು ಹೊರೆ.

ಮೇಲಕ್ಕೆ ಬರುತ್ತಿದ್ದದ್ದು ಮುಖ್ಯವಾಗಿ ಉಪ್ಪು, ಒಣಮೀನು, ತೆಂಗಿನಕಾಯಿ. ಕೆಳಕ್ಕೆ ಇಳಿಯುತ್ತಿದ್ದದ್ದು ಅಕ್ಕಿ, ಅಡಿಕೆ, ಕಾಳುಮೆಣಸು. ಕೆಳದಿ ನಾಯಕರ ಬೊಕ್ಕಸ ತುಂಬಿದ್ದರಲ್ಲಿ ಘಟ್ಟದ ಈ ವ್ಯಾಪಾರದ ಪಾಲು ದೊಡ್ಡದು. ಹೇರೆತ್ತುಗಳ ಸಾಲು ಹುಲಿಕಲ್ಲು, ಕೊಲ್ಲೂರು, ಆಗುಂಬೆ, ಗೇರುಸೊಪ್ಪೆಗಳ ಘಟ್ಟಗಳಲ್ಲಿ ಹತ್ತಿಳಿಯುತ್ತಿತ್ತು. 1623ರ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸರ ರಾಯಭಾರಿಯ ಜೊತೆಗೆ ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಅವರು ಹೊರಟ ತಿಂಗಳನ್ನು ಗಮನಿಸಬೇಕು: ಮಳೆ ನಿಂತು ದಾರಿ ತೆರೆದ ಹೊತ್ತು. ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ಹುಡುಗರು ನೆಲಕ್ಕೆ ಮರಳು ಹರಡಿ, ಅದರ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಅವನು ಕಂಡು ಬರೆದಿಟ್ಟ. ಒಮ್ಮೆ ಈ ಸೀಮೆಯ ಘಟ್ಟ ಹತ್ತಿದ ಅವನ ಹೆಸರು ನಾಲ್ಕು ಶತಮಾನ ಉಳಿದಿದೆ. ವರ್ಷ ವರ್ಷವೂ ಹತ್ತಿದವರ ಹೆಸರು ಉಳಿದಿಲ್ಲ.

ಸರಕಿನ ಜೊತೆಗೆ ಆಳುಗಳೂ ನಡೆದು ಬರುತ್ತಿದ್ದರು. ಚಳಿಗಾಲವೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆಯ ಕೊನೆಕೊಯ್ಲಿನ ಕಾಲ. ಕೊಯ್ಯುವುದಕ್ಕೆ, ಸುಲಿಯುವುದಕ್ಕೆ, ಬೇಯಿಸುವುದಕ್ಕೆ, ಒಣಗಿಸುವುದಕ್ಕೆ ಊರಿನ ಕೈಗಳು ಸಾಲುತ್ತಿರಲಿಲ್ಲ. ಘಟ್ಟದ ಕೆಳಗಿನಿಂದ ಜನರನ್ನು ಮುಂಗಡ ಕೊಟ್ಟು ಕರೆತರುವವನು ಸೇರೆಗಾರ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರಿಗೆ ಸೇರೆಗಾರ ರಂಗಪ್ಪಸೆಟ್ಟರ ಪರಿಚಯವಿದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಐತ, ಪೀಂಚಲು ಘಟ್ಟದ ಕೆಳಗಿನಿಂದ ಬಂದ ಕೂಲಿಯವರೇ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಇದೇ ಪಯಣವನ್ನು ಕೆಳಗಿನಿಂದ ನೋಡಬಹುದು. ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ಅವರಲ್ಲಿ ಚನಿಯ ಜ್ವರಕ್ಕೆ ತುತ್ತಾಗುತ್ತಾನೆ.

ಆ ಜ್ವರ ಕಾದಂಬರಿಕಾರರು ಕಲ್ಪಿಸಿಕೊಂಡದ್ದಲ್ಲ. ‘ಚಳಿ’ ಎಂಬ ಮಾತಿಗೆ ಮಲೆನಾಡಿನ ಹಳಬರಲ್ಲಿ ಹವೆಗಿಂತ ಮೊದಲು ಬರುವ ಅರ್ಥ ಚಳಿಜ್ವರ. ಮಲೇರಿಯಾಕ್ಕೆ ಮನೆಗಳೇ ಬರಿದಾದ ಕಥೆ ಈ ಮೂರೂ ತಾಲ್ಲೂಕುಗಳಲ್ಲಿ ಸಿಗುತ್ತದೆ. ಡಿ.ಡಿ.ಟಿ. ಬಂದು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಅದರ ಹಿಡಿತ ಸಡಿಲಿತು. ಅಷ್ಟರಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ ಮಂಗನ ಕಾಯಿಲೆ ಪತ್ತೆಯಾಯಿತು. ಎಳ್ಳುಕಾಳಿನಷ್ಟಿರುವ ಉಣುಗಿನಿಂದ ಹರಡುವ ಇದರ ಕಾಲವೂ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಕಾಡಿನಲ್ಲಿ ನಡೆಯಲು ಅನುಕೂಲವಾದ ತಿಂಗಳುಗಳೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ತೀರಿಕೊಂಡರು. ಸೌದೆಗೆ, ದರಗಿಗೆ ಕಾಡಿಗೆ ಹೋಗದೆ ದಿನ ಕಳೆಯದವರಿಗೆ ಚಳಿಗಾಲದ ನಡಿಗೆ ಇಂದಿಗೂ ಜೀವದ ಪ್ರಶ್ನೆ.

ಚಳಿಗಾಲ, ಬೆಟ್ಟ, ಜೀವಭಯ ಎಂದಾಗ ಹಿಮದ ದೇಶಗಳ ಉದಾಹರಣೆ ನೆನಪಾಗುತ್ತದೆ. ಸ್ಕಾಟ್ಲೆಂಡಿನ ಬೆಟ್ಟಗಳು ಎತ್ತರದಲ್ಲಿ ನಮ್ಮವಕ್ಕಿಂತ ಬಹಳ ದೊಡ್ಡವೇನಲ್ಲ. ಅಲ್ಲಿಯ ಅತಿ ಎತ್ತರದ ಬೆನ್ ನೆವಿಸ್ 1345 ಮೀಟರ್. ನಮ್ಮ ನರಸಿಂಹ ಪರ್ವತ ಸುಮಾರು 1150. ಹ್ಯೂ ಮನ್ರೊ ಎಂಬಾತ 1891ರಲ್ಲಿ ಮೂರು ಸಾವಿರ ಅಡಿ ಮೀರಿದ ಶಿಖರಗಳ ಪಟ್ಟಿ ಪ್ರಕಟಿಸಿದ ಮೇಲೆ ಅವನ್ನು ಒಂದೊಂದಾಗಿ ಹತ್ತಿ ಮುಗಿಸುವುದು ಅಲ್ಲಿ ಹವ್ಯಾಸವೇ ಆಯಿತು. ಚಳಿಗಾಲದಲ್ಲಿ ಹಿಮ ತುಳಿದು ಹತ್ತುವವರೂ ಕಡಿಮೆಯಿಲ್ಲ. ಆದರೆ ಅವರು ಇಂದು ನಡೆಯುವ ದಾರಿಗಳಲ್ಲಿ ಎಷ್ಟೋ ದನ, ಕುರಿ ಹೊಡೆದುಕೊಂಡು ಸಂತೆಗೆ ಹೋಗುತ್ತಿದ್ದವರು ಸವೆಸಿದ ದಾರಿಗಳು. ನಮ್ಮ ಹೇರೆತ್ತಿನ ದಾರಿಗಳ ಬಂಧುಗಳು ಎನ್ನಬಹುದು.

ಅಂಥ ಒಂದು ದಾರಿ ಜಾಕ್ಸ್ ರೋಡ್. ಗ್ಲೆನ್ ಡಾಲ್ ಎಂಬ ಕಣಿವೆಯಿಂದ ಬ್ರೇಮಾರ್ ಎಂಬ ಊರಿನ ಕಡೆಗೆ ಬೆಟ್ಟ ದಾಟುವ ಹಾದಿ. 1880ರ ದಶಕದಲ್ಲಿ ಆ ಎಸ್ಟೇಟಿನ ಒಡೆಯ ಇದು ನನ್ನ ಜಾಗ ಎಂದು ದಾರಿ ಮುಚ್ಚಿದ. ದಾರಿಯ ಹಕ್ಕಿಗಾಗಿ ಕಟ್ಟಿದ ಸಂಘವೊಂದು ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಗೆಲ್ಲಿಸಿದ್ದು ನಕ್ಷೆಯಲ್ಲ. ನಾವು ಕುರಿ ಹೊಡೆದುಕೊಂಡು ಇದೇ ದಾರಿಯಲ್ಲಿ ಹೋಗುತ್ತಿದ್ದೆವು ಎಂದ ಮುದುಕರ ಹೇಳಿಕೆ. 1888ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಆ ಹಕ್ಕನ್ನು ಎತ್ತಿಹಿಡಿಯಿತು. ಮುಂದೆ 1959ರ ಹೊಸವರ್ಷದ ದಿನ ಇದೇ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಐವರು ಸತ್ತರು. ಆದರೂ ದಾರಿ ಮುಚ್ಚಲಿಲ್ಲ. 2003ರ ಭೂಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ನಡೆಯುವ ಯಾರಿಗೂ ಬಹುಪಾಲು ನೆಲದ ಮೇಲೆ ಓಡಾಡುವ ಹಕ್ಕು ಕೊಟ್ಟಿತು.

ನಮ್ಮಲ್ಲಿ ಕಥೆ ಬೇರೆ ದಿಕ್ಕಿಗೆ ಹೋಯಿತು. ಹದಿನಾಲ್ಕು ತಿರುವುಗಳ ರಸ್ತೆ ಗಾಡಿಗೆ, ಆಮೇಲೆ ಮೋಟಾರಿಗೆ ಒದಗಿತು; ಇಂದು ಅದು ರಾಷ್ಟ್ರೀಯ ಹೆದ್ದಾರಿ 169ಎ. ಬಸ್ಸು ಬಂದ ಮೇಲೆ ಕಾಲುದಾರಿಗಳನ್ನು ಕಾಡು ತನ್ನೊಳಗೆ ಎಳೆದುಕೊಂಡಿತು. 1974ರಲ್ಲಿ ಸೋಮೇಶ್ವರ ವನ್ಯಜೀವಿ ಅಭಯಾರಣ್ಯವಾಯಿತು, 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಚಾರಣಿಗರು ಒಟ್ಟಿಗೇ ಮುಗಿಬಿದ್ದ ಮೇಲೆ, ಆನ್‌ಲೈನಿನಲ್ಲಿ ಮೊದಲೇ ಹೆಸರು ನೋಂದಾಯಿಸದೆ ಚಾರಣ ಹೋಗದಂತೆ ರಾಜ್ಯ ಸರ್ಕಾರ ತಡೆ ಹಾಕಿತು. ಕಾಡಿನ ಮೇಲೆ ಬೀಳುತ್ತಿರುವ ಭಾರ ನೋಡಿದರೆ ಚಾರಣಿಗರಿಗೆ ಮಿತಿ ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಇಷ್ಟೇ: ಈ ಇಡೀ ಲೆಕ್ಕದಲ್ಲಿ ನಡೆಯುವವರೆಂದರೆ ಚಾರಣಿಗರು ಮಾತ್ರ. ದಾರಿ ಸವೆಸಿದವರಿಗೆ ಅದರಲ್ಲಿ ಕಲಮೇ ಇಲ್ಲ.

ಹಾಗೆಂದು ಕಾನೂನು ಅವರನ್ನು ಪೂರ್ತಿ ಮರೆತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯಗಳು ಕಾಡಿನಲ್ಲಿ ರೂಢಿಯಿಂದ ಅನುಭವಿಸಿಕೊಂಡು ಬಂದ ಹಕ್ಕುಗಳನ್ನು, ಬೇಟೆಯೊಂದನ್ನು ಬಿಟ್ಟು, ಮನ್ನಿಸುತ್ತದೆ. ಅದರ ನಿಯಮಾವಳಿಯ 13ನೆಯ ನಿಯಮ ಪುರಾವೆಗಳ ಪಟ್ಟಿ ಕೊಡುವಾಗ ಗೆಜೆಟಿಯರು, ನಕ್ಷೆ, ಪಹಣಿಗಳ ಜೊತೆಗೆ ಊರಿನ ಹಿರಿಯರ ಹೇಳಿಕೆಯನ್ನೂ ಸೇರಿಸಿದೆ. ಷರತ್ತು ಎರಡೇ: ಆ ಹಿರಿಯರು ಸ್ವತಃ ಅರ್ಜಿದಾರರಾಗಿರಬಾರದು, ಹೇಳಿಕೆ ಬರವಣಿಗೆಯಲ್ಲಿರಬೇಕು. ಜಾಕ್ಸ್ ರೋಡನ್ನು ಉಳಿಸಿದ ಬಗೆಯ ಸಾಕ್ಷಿಗೆ ನಮ್ಮ ಕಾನೂನಿನಲ್ಲೂ ಜಾಗವಿದೆ.

ಮೇಗರವಳ್ಳಿ ಕಡೆಯ ಅಜ್ಜಿಯೊಬ್ಬರನ್ನು ನಾನು ಮಾತಾಡಿಸಿದ್ದೇನೆ. ಎಂಬತ್ತು ದಾಟಿದವರು. ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಹಿಂದೆ ಸೋಮೇಶ್ವರದಿಂದ ಘಟ್ಟ ಹತ್ತಿ ಅಡಿಕೆ ಸುಲಿಯಲು ಬಂದವರು. ಎಲ್ಲಿ ನೀರು ಕುಡಿಯುತ್ತಿದ್ದೆವು, ಯಾವ ಮರದ ಬುಡದಲ್ಲಿ ಹೊರೆ ಇಳಿಸುತ್ತಿದ್ದೆವು, ಎಲ್ಲಿಗೆ ಬಂದಾಗ ಬಿಸಿಲು ಹತ್ತುತ್ತಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಇದಕ್ಕೆಲ್ಲ ದಾಖಲೆ ಏನಾದರೂ ಇದೆಯೇ ಅಜ್ಜಿ ಎಂದು ಕೇಳಿದೆ. “ನಡೆದದ್ದಕ್ಕೆ ಎಂತ ದಾಖಲೆ ಮಾರಾಯ್ತಿ? ನಮಗೆ ಚೀಟಿ ಕೊಡುವವರು ಯಾರಿದ್ರು?” ಎಂದು ನಕ್ಕರು.

ನಾನು ಅವರ ಮಾತನ್ನು ಧ್ವನಿಮುದ್ರಿಸಿ, ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡೆ. ಪ್ರಬಂಧದಲ್ಲಿ ಅದು ಅನುಬಂಧವಾಗಿ ಸೇರುತ್ತದೆ. ಆದರೆ ಅದು ಇರಬೇಕಾದದ್ದು ಊರಿನ ಅರಣ್ಯ ಹಕ್ಕು ಸಮಿತಿಯ ಕಡತದಲ್ಲಿ. ಇಂಥ ಹೇಳಿಕೆ ಕೊಡಬಲ್ಲವರು ಪ್ರತಿ ಊರಿನಲ್ಲಿ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಪ್ರತಿ ಮಳೆಗಾಲ ಕಳೆದ ಮೇಲೆ ಅವರಲ್ಲೂ ಕೆಲವರು ಇರುವುದಿಲ್ಲ. ಈ ಚಳಿಗಾಲ ಆಗುಂಬೆಗೆ ಹೋಗುವವರು ಸೂರ್ಯಾಸ್ತ ನೋಡಿ. ಕೈಕಾಲಿಗೆ ಉಣುಗಿನ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ. ನಿಮ್ಮ ಊರು ಘಟ್ಟದ ಮೇಲೋ ಕೆಳಗೋ ಇದ್ದರೆ, ಮನೆಯ ಹಿರಿಯರ ಪಕ್ಕ ಕುಳಿತು ಅವರು ಯಾವ ದಾರಿಯಲ್ಲಿ ನಡೆದರು ಎಂದು ಕೇಳಿ ಬರೆದಿಡಿ. ತಾರೀಕು ಹಾಕಿ, ಸಹಿ ಮಾಡಿಸಿಡಿ.