ಮೈಯಳತೆಯ ದೋಣಿ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ‘ವಿಕಟಕವಿ’ ಎಂಬ ಪದವನ್ನು ತಿರುಗುಮುರುಗಾಗಿ ಓದಿಸಿದ್ದು ನೆನಪಿರಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಹಾಗೆಯೇ ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವ ಪದಗಳಲ್ಲಿ ‘ಕಯಾಕ್’ ಕೂಡ ಒಂದು. ಆದರೆ ಪದ ಇಂಗ್ಲಿಷಿನದಲ್ಲ. ಉತ್ತರ ಧ್ರುವದ ಸುತ್ತಣ ಹಿಮಪ್ರದೇಶಗಳಲ್ಲಿ ಬಾಳಿದ ಇನ್ಯೂಟ್ ಜನರದು. ಇಂದು ದಾಂಡೇಲಿಯ ಕಾಳಿ ನದಿಯಲ್ಲಿಯೂ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹಿನ್ನೀರಿನಲ್ಲಿಯೂ ಬಣ್ಣಬಣ್ಣದ ಪ್ಲಾಸ್ಟಿಕ್ ಕಯಾಕ್‌ಗಳು ಬಾಡಿಗೆಗೆ ದೊರೆಯುತ್ತವೆ. ಯಾರು ಬೇಕಾದರೂ ಕುಳಿತುಕೊಳ್ಳಬಹುದು. ಒಂದು ಕಾಲಕ್ಕೆ ಹೀಗಿರಲಿಲ್ಲ. ಒಬ್ಬನ ಕಯಾಕ್ ಇನ್ನೊಬ್ಬನಿಗೆ ಹೊಂದುತ್ತಿರಲಿಲ್ಲ. ಅದು ವಾಹನಕ್ಕಿಂತ ಹೆಚ್ಚಾಗಿ ಮೈಗೆ ಹೊಲಿದ ಉಡುಪಾಗಿತ್ತು. ಈ ಉಡುಪು ಸಿದ್ಧಸರಕಾದ ಕಥೆಯನ್ನು ಹೇಳುವುದು ಈ ಬರಹದ ಉದ್ದೇಶ.

ಮೊದಲು ಒಂದು ಸಣ್ಣ ವ್ಯತ್ಯಾಸವನ್ನು ಗಮನಿಸಬೇಕು. ಕನೂ ಎಂಬುದು ಸಾಮಾನ್ಯವಾಗಿ ಮೇಲ್ಭಾಗ ತೆರೆದಿರುವ ದೋಣಿ. ಒಂದೇ ಅಲಗಿನ ಹುಟ್ಟಿನಿಂದ ಅದನ್ನು ನಡೆಸುತ್ತಾರೆ. ಕಯಾಕಿನ ಮೇಲ್ಭಾಗ ಮುಚ್ಚಿದ್ದು, ನಡುವೆ ಕುಳಿತುಕೊಳ್ಳುವಷ್ಟು ಕಂಡಿ ಇರುತ್ತದೆ. ಅದರ ಹುಟ್ಟಿಗೆ ಎರಡು ತುದಿಗಳಲ್ಲಿಯೂ ಅಲಗು.

ಗ್ರೀನ್‌ಲ್ಯಾಂಡಿನಲ್ಲಿ ದೋಣಿ ಕಟ್ಟುವಂಥ ಮರಗಳ ಕಾಡಿಲ್ಲ. ಸಮುದ್ರದಲ್ಲಿ ತೇಲಿ ಬಂದು ದಡ ಸೇರಿದ ಮರದ ತುಂಡುಗಳನ್ನು ಆಯ್ದು, ಸೀಳಿ, ಚರ್ಮದ ಪಟ್ಟಿಗಳಿಂದ ಬಿಗಿದು, ಗಂಡಸರು ಕಯಾಕಿನ ಹಂದರವನ್ನು ಕಟ್ಟುತ್ತಿದ್ದರು. ಅಳತೆಗೆ ಕೋಲು ಬೇಕಿರಲಿಲ್ಲ. ನಮ್ಮ ಹೂವಾಡಗಿತ್ತಿಯರ ಮಾರು, ಮೊಳಗಳಂತೆ ಅವರಿಗೂ ದೇಹವೇ ಅಳತೆಗೋಲು. ದೋಣಿಯ ಉದ್ದ ಸುಮಾರು ಮೂರು ಮಾರು. ಅಗಲ ಸೊಂಟದ ಅಗಲಕ್ಕೆ ಎರಡು ಮುಷ್ಟಿ ಕೂಡಿಸಿದಷ್ಟು. ಹುಟ್ಟು ಒಂದು ಮಾರು ಒಂದು ಮೊಳ. ಇಲ್ಲಿ ಮುಖ್ಯವಾದ ಮಾತೆಂದರೆ, ಆ ಮಾರು ಯಾರದೋ ಮಾರಲ್ಲ, ಆ ದೋಣಿಯಲ್ಲಿ ಕೂರುವವನದೇ ಮಾರು. ಹುಟ್ಟಿನ ಅಲಗು ಕೂಡ ಅವನ ಹಿಡಿಯಲ್ಲಿ ಸಿಗುವಷ್ಟೇ ಅಗಲ.

ಹಂದರದ ಮೇಲೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಹೊಲಿಯುವ ಕೆಲಸ ಹೆಂಗಸರದು. ಪ್ರಾಣಿಗಳ ಸ್ನಾಯುವಿನಿಂದ ತೆಗೆದ ನೂಲಿನಲ್ಲಿ, ಸೂಜಿ ಚರ್ಮದ ಅರ್ಧ ದಪ್ಪಕ್ಕೆ ಮಾತ್ರ ಇಳಿದು ಆಚೆ ಬದಿಗೆ ತೂರದಂತೆ, ಎರಡು ಸಾಲು ಹೊಲಿಗೆ ಹಾಕುತ್ತಿದ್ದರು. ರಂಧ್ರವೇ ಇಲ್ಲದ ಕಡೆ ನೀರು ನುಗ್ಗುವುದೆಲ್ಲಿಂದ? ಬೇಟೆಗಾರನು ತೊಡುತ್ತಿದ್ದ ‘ತುಯಿಲಿಕ್’ ಎಂಬ ಚರ್ಮದ ಅಂಗಿಯೂ ಅವರದೇ ಕೈಕೆಲಸ. ಟೊಪ್ಪಿಗೆ ಕೂಡಿಕೊಂಡಿದ್ದ ಆ ಅಂಗಿಯನ್ನು ಮುಖದ ಸುತ್ತ, ಮಣಿಕಟ್ಟಿನ ಸುತ್ತ ಬಿಗಿದು, ಅದರ ಕೆಳ ಅಂಚನ್ನು ಕಂಡಿಯ ಬಳೆಗೆ ಸಿಕ್ಕಿಸಿದರೆ ಮನುಷ್ಯನೂ ದೋಣಿಯೂ ಒಂದೇ ದೇಹವಾಗುತ್ತಿದ್ದರು. ಅಲೆಗೆ ಸಿಕ್ಕು ಮಗುಚಿಬಿದ್ದರೂ ದೋಣಿಯಿಂದ ಹೊರಬರದೆ, ಹುಟ್ಟನ್ನು ಬೀಸಿ, ಸೊಂಟವನ್ನು ತಿರುವಿ ಮತ್ತೆ ಮೇಲೇಳುವ ವಿದ್ಯೆ ಸಾಧ್ಯವಾದುದು ಈ ಹೊಂದಾಣಿಕೆಯಿಂದ. ಮಂಜುಗಟ್ಟುವ ನೀರಿನಲ್ಲಿ ಈಜಿ ಬದುಕುವ ಮಾತು ದೂರ. ಒಂದು ಹೊಲಿಗೆ ಬಿಟ್ಟುಕೊಂಡರೆ ಒಂದು ಮನೆಯ ಅನ್ನದಾತ ಹೋದಂತೆ. ಸೂಜಿ ಹಿಡಿದಿದ್ದ ಆ ತಾಯಂದಿರ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲವೆಂಬುದನ್ನು ನಾವು ಮರೆಯಬಾರದು.

ಚರ್ಮದ ದೋಣಿ ಕನ್ನಡ ನಾಡಿಗೇನೂ ಹೊಸತಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯನ್ನು ದಾಟಿಸುತ್ತಿದ್ದ ಬುಟ್ಟಿಯಾಕಾರದ ಹರಿಗೋಲುಗಳನ್ನು ವರ್ಣಿಸಿದ್ದಾರೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನರನ್ನು, ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನೂ ಅವು ಸಾಗಿಸುತ್ತಿದ್ದವಂತೆ. ಆದರೆ ಹರಿಗೋಲು ಊರಿಗೆಲ್ಲ ಸೇರಿದ್ದು, ಹೊರೆಯ ಅಳತೆಗೆ ಕಟ್ಟಿದ್ದು. ಕಯಾಕ್ ಒಬ್ಬನೊಬ್ಬನ ಅಳತೆಗೆ ಕಟ್ಟಿದ್ದು.

ಯುರೋಪಿನಲ್ಲಿ ಈ ಬಗೆಯ ದೋಣಿಯನ್ನು ವಿಹಾರದ ಸಾಧನವಾಗಿ ಜನಪ್ರಿಯಗೊಳಿಸಿದವರು ಜಾನ್ ಮ್ಯಾಕ್‌ಗ್ರೆಗರ್ ಎಂಬ ಸ್ಕಾಟಿಷ್ ಮನೆತನದ ವಕೀಲರು. 1865ರಲ್ಲಿ ಅವರು ‘ರಾಬ್ ರಾಯ್’ ಎಂಬ ಹೆಸರಿನ ದೋಣಿಯನ್ನು ಓಕ್ ಮತ್ತು ಸೀಡರ್ ಮರಗಳಿಂದ ಮಾಡಿಸಿಕೊಂಡು ಯುರೋಪಿನ ನದಿ, ಸರೋವರಗಳಲ್ಲಿ ಸಂಚರಿಸಿದರು. ಮರುವರ್ಷ ಪ್ರಕಟವಾದ ಅವರ ಪ್ರವಾಸ ಕಥನ ಬಹಳ ಮಾರಾಟವಾಯಿತು. ಅದೇ 1866ರಲ್ಲಿ ಲಂಡನ್ನಿನ ಬಳಿ ಅವರ ಮುಂದಾಳುತನದಲ್ಲಿ ಆರಂಭವಾದ ಕನೂ ಕ್ಲಬ್ ಮುಂದೆ ‘ರಾಯಲ್’ ಎಂಬ ಬಿರುದನ್ನೂ ಪಡೆಯಿತು. ರಾಬ್ ರಾಯ್ ದೋಣಿಯನ್ನು ಅವರು ಕನೂ ಎಂದೇ ಕರೆದರೂ ಅದರ ಮುಚ್ಚಿದ ಮೇಲ್ಭಾಗ, ಎರಡು ಅಲಗಿನ ಹುಟ್ಟುಗಳು ಕಯಾಕಿನವೇ. ಅದರ ಉದ್ದ 15 ಅಡಿ, ಅಗಲ 28 ಅಂಗುಲ, ತೂಕ 80 ಪೌಂಡು, ಎಂದರೆ ಸುಮಾರು 36 ಕಿಲೋಗ್ರಾಂ. ಈ 15 ಅಡಿಯ ಉದ್ದವನ್ನು ನಿರ್ಧರಿಸಿದ್ದು ಜರ್ಮನಿಯ ರೈಲಿನ ಡಬ್ಬಿ! ಅದರೊಳಗೆ ಹಿಡಿಸುವಂತೆ ದೋಣಿಯನ್ನು ಮಾಡಿಸಲಾಗಿತ್ತು. ಸಾವಿರಾರು ವರ್ಷ ಮನುಷ್ಯನ ಮೈಯನ್ನು ಅಳೆದು ಕಟ್ಟಿದ ದೋಣಿಯನ್ನು ಈಗ ರೈಲನ್ನು ಅಳೆದು ಕಟ್ಟಿದರು. ಕಾಲದ ಬದಲಾವಣೆಯನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಮುಂದಿನ ಹೆಜ್ಜೆಯೂ ರೈಲಿನ ನೆರಳಿನದೇ. 1905ರಲ್ಲಿ ಮ್ಯೂನಿಕ್‌ನ ವಾಸ್ತುಶಿಲ್ಪ ವಿದ್ಯಾರ್ಥಿ ಆಲ್ಫ್ರೆಡ್ ಹಾಯ್‌ರಿಕ್, ಬಿದಿರಿನ ಕಡ್ಡಿಗಳ ಹಂದರಕ್ಕೆ ಬಟ್ಟೆಯ ಹೊದಿಕೆ ತೊಡಿಸಿ, ಬೇಕಾದಾಗ ಬಿಚ್ಚಿ ಮಡಿಸಬಹುದಾದ ಕಯಾಕನ್ನು ರೂಪಿಸಿದರು. 1907ರಲ್ಲಿ ಅದರ ತಯಾರಿಕೆಯ ಹಕ್ಕನ್ನು ಪಡೆದವರು ರೋಸೆನ್‌ಹೈಮ್ ಪಟ್ಟಣದ ಯೋಹಾನ್ ಕ್ಲೆಪ್ಪರ್. ವೃತ್ತಿಯಿಂದ ಅವರು ದರ್ಜಿ. ಸೂಜಿ ದಾರಗಳಿಂದ ಹುಟ್ಟಿದ ದೋಣಿ ಮತ್ತೆ ಸೂಜಿ ದಾರದವರ ಕೈಗೇ ಬಂದಿತು. ಚೀಲದಲ್ಲಿ ತುಂಬಿಕೊಂಡು ರೈಲು ಹತ್ತಿ ನದಿಯ ಮೇಲ್ಭಾಗಕ್ಕೆ ಹೋಗಿ, ಅಲ್ಲಿ ಜೋಡಿಸಿ, ಕೆಳಕ್ಕೆ ತೇಲಿ ಬರುವ ಸಂತೋಷ ಸಾಮಾನ್ಯ ಜನರಿಗೂ ಎಟುಕಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಮಡಿಸುವ ಕಯಾಕ್‌ಗಳಿಗೇ ಬೇರೆ ಸ್ಪರ್ಧೆ ಇತ್ತು.

ಸಾಧನ ಬಂದಿತು, ವಿದ್ಯೆ ಅಷ್ಟು ಬೇಗ ಬರಲಿಲ್ಲ. ಮಗುಚಿ ಮೇಲೇಳುವ ಕಲೆಯನ್ನು ಆಸ್ಟ್ರಿಯದ ಎಡಿ ಪಾವ್ಲಾಟಾ ಧ್ರುವಪ್ರವಾಸಿಗಳ ಪುಸ್ತಕಗಳನ್ನು ಓದಿ, ಸ್ವತಃ ಅಭ್ಯಾಸ ಮಾಡಿ 1927ರಲ್ಲಿ ಸಾಧಿಸಿದರು. ಬ್ರಿಟನ್ನಿನ ತರುಣ ಗೀನೋ ವಾಟ್ಕಿನ್ಸ್ 1930-31ರ ಶೋಧಯಾತ್ರೆಯಲ್ಲಿ ಪೂರ್ವ ಗ್ರೀನ್‌ಲ್ಯಾಂಡಿನವರಿಂದಲೇ ಅದನ್ನು ಕಲಿತರು, ಬೇಟೆಯಾಡುವಷ್ಟು ಪಳಗಿದರು. 1932ರ ಆಗಸ್ಟ್ 20ರಂದು ಒಬ್ಬರೇ ಸೀಲ್ ಬೇಟೆಗೆ ಹೋದವರು ಹಿಂದಿರುಗಲಿಲ್ಲ. ಅವರ ಕಯಾಕ್ ಸಿಕ್ಕಿತು, ದೇಹ ಸಿಗಲಿಲ್ಲ. ಆಗ ಅವರಿಗೆ ಇಪ್ಪತ್ತೈದು ವರ್ಷ. ಉಡುಪು ಎಷ್ಟೇ ಚೆನ್ನಾಗಿ ಹೊಂದಿದರೂ ಸಮುದ್ರದೊಡನೆ ಸಲಿಗೆ ಸಲ್ಲದು.

1959ರಲ್ಲಿ ಗ್ಲಾಸ್ಗೋದ ವಿದ್ಯಾರ್ಥಿ ಕೆನ್ ಟೇಲರ್ ಪಶ್ಚಿಮ ಗ್ರೀನ್‌ಲ್ಯಾಂಡಿನ ಇಲ್ಲೊರ್‌ಸುಯಿಟ್ ಎಂಬ ಹಳ್ಳಿಯಲ್ಲಿ ಕೆಲಕಾಲ ಇದ್ದರು. ಅಲ್ಲಿನ ಎಮಾನುಯೆಲೆ ಕೊರ್ನೆಲಿಯುಸೆನ್ ಎಂಬುವರು ಅವರ ಮೈಗೆ ತಕ್ಕಂತೆ ಒಂದು ಕಯಾಕ್ ಕಟ್ಟಿಕೊಟ್ಟರು. ಟೇಲರ್ ಅದನ್ನು ಸ್ಕಾಟ್ಲೆಂಡಿಗೆ ತಂದರು. ಡಂಕನ್ ವಿನಿಂಗ್ ಎಂಬುವರು ಅದನ್ನು ಅಳೆದು ನಕ್ಷೆ ಬರೆದರು. ನಕ್ಷೆಯಿಂದ ಪ್ಲೈವುಡ್ ದೋಣಿಯಾಯಿತು. ಅದರಿಂದ 1972ರಲ್ಲಿ ‘ಅನಾಸ್ ಅಕ್ಯೂಟಾ’ ಎಂಬ ಫೈಬರ್‌ಗ್ಲಾಸ್ ಸಮುದ್ರ ಕಯಾಕ್ ಮಾರುಕಟ್ಟೆಗೆ ಬಂದಿತು. ಅದು ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ವಲಸೆ ಬರುವ ಸೂಜಿಬಾಲದ ಬಾತುವಿನ ಶಾಸ್ತ್ರೀಯ ಹೆಸರು. ಒಬ್ಬನ ಮೈಗೆಂದು ಹೊಲಿದ ಅಂಗಿಯ ಮಾದರಿ ಹೀಗೆ ಅಚ್ಚಾಗಿ, ಅಪರಿಚಿತರೆಷ್ಟೋ ಮಂದಿಯ ಅಂಗಿಯಾಯಿತು. 1970ರ ದಶಕದಲ್ಲಿ ಪಾಲಿಥಿನ್ ಪುಡಿಯನ್ನು ಬಿಸಿ ಅಚ್ಚಿನಲ್ಲಿ ತಿರುಗಿಸಿ ಕಯಾಕ್ ತಯಾರಿಸುವ ವಿಧಾನ ಬಂದ ಮೇಲಂತೂ ಅದು ಅಗ್ಗವೂ ಬಂಡೆಗೆ ಬಡಿದರೂ ಸುಲಭವಾಗಿ ಒಡೆಯದ್ದೂ ಆಯಿತು. ಇದು ನಷ್ಟವೆಂದು ನಾನು ಹೇಳಲಾರೆ. ಹಾಗಾಗದಿದ್ದರೆ ಕಾಳಿ ನದಿಗೆ ಕಯಾಕ್ ಬರುತ್ತಲೇ ಇರಲಿಲ್ಲ.

ಆದರೆ ಇತಿಹಾಸ ತನ್ನ ಹಳೆಯ ಪಾಠವನ್ನು ಬಿಟ್ಟುಕೊಡುವುದಿಲ್ಲ. ಕಾರ್ಖಾನೆಯಿಂದ ಬಂದ ಕಯಾಕನ್ನು ಅನುಭವಿಗಳು ಹಾಗೆಯೇ ಬಳಸುವುದಿಲ್ಲ. ಸೊಂಟದ ಇಕ್ಕೆಲಗಳಿಗೆ ಫೋಮಿನ ತುಂಡುಗಳನ್ನು ಅಂಟಿಸುತ್ತಾರೆ, ಕಾಲಿಡುವ ಆಸರೆಯನ್ನು ಹಿಂದೆ ಮುಂದೆ ಸರಿಸುತ್ತಾರೆ, ಮಂಡಿ ಒತ್ತುವ ಜಾಗವನ್ನು ಸರಿಪಡಿಸುತ್ತಾರೆ, ಸೊಂಟಕ್ಕೆ ಸ್ಪ್ರೇ ಸ್ಕರ್ಟ್ ಬಿಗಿಯುತ್ತಾರೆ. ಆ ತಾಯಂದಿರು ಮೊದಲೇ ಮಾಡಿಟ್ಟಿದ್ದ ಕೆಲಸವನ್ನು ನಾವು ಕೊನೆಯಲ್ಲಿ ಮಾಡಿಕೊಳ್ಳುತ್ತಿದ್ದೇವೆ, ಅಷ್ಟೇ. ಇತ್ತ ಮೋಟಾರು ದೋಣಿಗಳು ಬಂದು ತವರಿನಲ್ಲಿಯೇ ಮರೆಯಾಗತೊಡಗಿದ್ದ ಈ ವಿದ್ಯೆಯನ್ನು 1980ರ ದಶಕದಲ್ಲಿ ಗ್ರೀನ್‌ಲ್ಯಾಂಡಿನ ಯುವಕರು ಉಳಿದಿದ್ದ ಹಿರಿಯರಿಂದ ಕಲಿತು, ಸಂಘ ಕಟ್ಟಿ, ಸ್ಪರ್ಧೆ ಏರ್ಪಡಿಸಿ ಉಳಿಸಿಕೊಂಡರು. ಮೂವತ್ತಕ್ಕೂ ಹೆಚ್ಚು ಬಗೆಯಲ್ಲಿ ಮಗುಚಿ ಏಳುವುದನ್ನು ಅಲ್ಲಿ ಈಗಲೂ ಪರೀಕ್ಷಿಸುತ್ತಾರೆ. ಕಲಿಸುವ ಕೊನೆಯ ತಲೆಮಾರು ಇರುವಾಗಲೇ ಕಲಿಯುವವರು ಬಂದದ್ದು ಅವರ ಭಾಗ್ಯ. ನಮ್ಮ ಎಷ್ಟೋ ಕಸುಬುಗಳಿಗೆ ಆ ಭಾಗ್ಯ ಸಿಕ್ಕಿಲ್ಲ.

ನಿಮ್ಮಲ್ಲಿ ಯಾರಾದರೂ ಕಯಾಕ್ ಹತ್ತುವವರಿದ್ದರೆ ಮೇಷ್ಟರದೊಂದು ಮಾತು. ಲೈಫ್ ಜಾಕೆಟ್ ತೊಟ್ಟು, ಅದರ ಹೆಗಲನ್ನು ಯಾರಿಂದಲಾದರೂ ಮೇಲಕ್ಕೆ ಎಳೆಸಿ ನೋಡಿ. ಕಿವಿಯವರೆಗೆ ಬಂದರೆ ಅದು ನಿಮ್ಮದಲ್ಲ. ಪಾದ ಆಸರೆಗೆ ತಾಗಬೇಕು, ಮಂಡಿ ತುಸು ಮಡಿಸಿರಬೇಕು. ತೋಳಿನಿಂದಲ್ಲ, ಬೆನ್ನು ಸೊಂಟಗಳನ್ನು ತಿರುವಿ ಹುಟ್ಟು ಹಾಕಿ. ಆಗ ದಣಿವು ಕಡಿಮೆ, ಆನಂದ ಹೆಚ್ಚು. ಒಬ್ಬರೇ ಹೋಗಬೇಡಿ.