ದೇಹದೊಳಗಿನ ದೀಪ

ಮನೆಯ ಗೋಡೆ, ಬಾಗಿಲು, ಮಾಡು ಎಲ್ಲವೂ ನೆಟ್ಟಗೆ ಇರಬಹುದು. ಒಳಗೆ ಒಲೆ ಉರಿಯುತ್ತಿದೆಯೇ ಎಂಬುದನ್ನು ಗೋಡೆ ಹೇಳಲಾರದು. ರೋಗಿಯ ದೇಹವನ್ನು ಪರೀಕ್ಷಿಸುವವರ ಕಷ್ಟವೂ ಇಂಥದೇ. 1895ರಲ್ಲಿ ರಾಂಟ್ಜನ್ ಕಂಡುಹಿಡಿದ ಕ್ಷ-ಕಿರಣ ಮುಖ್ಯವಾಗಿ ಅಂಗಗಳ ಆಕಾರವನ್ನು ತೋರಿಸಿತು. ಅವು ಮಾಡುವ ಕೆಲಸವನ್ನು ಕಾಣಲು ದೀಪವನ್ನು ದೇಹದ ಒಳಗೇ ಹಚ್ಚಬೇಕಾಯಿತು. ಆ ದೀಪದ ಚರಿತ್ರೆಯನ್ನು ವಾಚಕರು ಕೇಳಬೇಕು.

ಹಂಗೆರಿಯ ರಸಾಯನಶಾಸ್ತ್ರಜ್ಞ ಹೆವೆಸಿ 1923ರಲ್ಲಿ ವಿಕಿರಣಪಟು ಸೀಸವನ್ನು ಗಿಡದ ಬೇರಿಗೆ ಉಣಿಸಿ, ಅದು ಕಾಂಡ ಎಲೆಗಳಿಗೆ ಏರಿದ ದಾರಿಯನ್ನು ಅದರ ಕಿರಣಗಳಿಂದಲೇ ಗುರುತಿಸಿದನು. ಕಾಲಿಗೆ ಗೆಜ್ಜೆ ಕಟ್ಟಿ ನಡೆಯ ಜಾಡು ಹಿಡಿದಂತೆ! 1937ರಲ್ಲಿ ಇಟಲಿಯ ಪಲೆರ್ಮೊ ನಗರದಲ್ಲಿ ಪೆರಿಯೆ ಮತ್ತು ಸೆಗ್ರೆ ಟೆಕ್ನೀಷಿಯಮ್ ಧಾತುವನ್ನು ಪತ್ತೆಮಾಡಿದರು. ಅದರ ಒಂದು ರೂಪವಾದ ಟೆಕ್ನೀಷಿಯಮ್-99ಎಮ್ ಆರೇ ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ರೋಗಿಗೆ ಇದು ಹಿತವೇ. ಆದರೆ ದೂರದ ಆಸ್ಪತ್ರೆಗೆ ಸಾಗಿಸುವುದು ಹೇಗೆ? 1950ರ ದಶಕದ ಕೊನೆಗೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯವರು ಉಪಾಯ ಕಂಡರು. ಅದರ ತಾಯಿಯಾದ ಮಾಲಿಬ್ಡಿನಮ್-99ಕ್ಕೆ 66 ಗಂಟೆಗಳ ಅರ್ಧಾಯು. ತಾಯಿಯನ್ನೇ ಕಳುಹಿಸಿದರೆ, ಆಸ್ಪತ್ರೆಯವರು ಬೇಕಾದಾಗ ಟೆಕ್ನೀಷಿಯಮ್ಮನ್ನು ಹಾಲಿನಂತೆ ಕರೆದುಕೊಳ್ಳಬಹುದು. ಆ ಸಾಧನಕ್ಕೆ 'ಹಸು' ಎಂಬ ಅಡ್ಡಹೆಸರೇ ಬಿದ್ದಿತು.

ದೀಪ ದೊರೆಯಿತು, ನೋಡುವ ಕಣ್ಣು ಬೇಕಲ್ಲವೆ? ಅದೇ ದಶಕದ ಕೊನೆಯಲ್ಲಿ ಬರ್ಕ್ಲಿಯ ಆಂಗರ್ ಗಾಮ ಕ್ಯಾಮರವನ್ನು ನಿರ್ಮಿಸಿದನು. ಅದರ ಚಿತ್ರ ಚಪ್ಪಟೆ. ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುತ್ತಿದ್ದವು. 1963ರಲ್ಲಿ ಪೆನ್ಸಿಲ್ವೇನಿಯದ ಕೂಲ್ ಮತ್ತು ಎಡ್ವರ್ಡ್ಸ್, ಹಲವು ಕೋನಗಳಿಂದ ಕಿರಣಗಳನ್ನು ಎಣಿಸಿ, ದೇಹದ ಹೋಳುಗಳನ್ನು ಬೇರೆಬೇರೆಯಾಗಿ ಚಿತ್ರಿಸುವ ಕ್ರಮವನ್ನು ಪ್ರಕಟಿಸಿದರು. 1970ರ ದಶಕದಲ್ಲಿ ರೋಗಿಯ ಸುತ್ತ ತಿರುಗುವ ಕ್ಯಾಮರವೂ ಗಣಕವೂ ಕೂಡಿ 'ಸ್ಪೆಕ್ಟ್' ಎಂಬ ವಿಧಾನ ರೂಪುಗೊಂಡಿತು.

ಸಂಶೋಧಕರಿಗೆ ಇದರಿಂದಾದ ಲಾಭವೇನು? ಮೂರ್ಛೆರೋಗವನ್ನೇ ನೋಡಿ. ಸೆಳೆತ ಬಂದ ರೋಗಿಯನ್ನು ಯಂತ್ರದಲ್ಲಿ ಮಲಗಿಸುವಂತಿಲ್ಲ. ಆದರೆ ಆ ಕ್ಷಣದಲ್ಲೇ ಚುಚ್ಚಿದ ಟೆಕ್ನೀಷಿಯಮ್ ಔಷಧ, ರಕ್ತ ಹೆಚ್ಚಾಗಿ ಹರಿದ ಮಿದುಳಿನ ಭಾಗದಲ್ಲಿ ಒಂದೆರಡು ನಿಮಿಷಗಳೊಳಗೆ ನೆಲೆನಿಲ್ಲುತ್ತದೆ. ಸೆಳೆತ ನಿಂತು ಗಂಟೆಯಾದ ಮೇಲೂ ಅದರ ಚಿತ್ರ ತೆಗೆಯಬಹುದು. ಶಸ್ತ್ರವೈದ್ಯನಿಗೆ ರೋಗದ ಮೂಲವನ್ನು ಅರಸಲು ಇದು ದೊಡ್ಡ ನೆರವು.

ಆದರೂ ಚಿತ್ರ ಕಂಡೊಡನೆ ಸತ್ಯ ಕೈಗೆ ಬಂದಿತೆಂದು ಭಾವಿಸಬೇಡಿ. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಲೆವೊಡೋಪ ಔಷಧವು ಮಿದುಳಿಗೆ ಕೇಡು ಮಾಡುತ್ತದೆಯೆ ಎಂಬ ಶಂಕೆಯಿಂದ 361 ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಔಷಧ ಕುಡಿದವರ ನಡೆ, ಕೈಚಲನೆ ಉತ್ತಮವಾಗಿದ್ದವು. ಅವರ ಸ್ಪೆಕ್ಟ್ ಚಿತ್ರಗಳಾದರೋ ಮಿದುಳಿನ ಹೊಳಪು ಹೆಚ್ಚು ಕುಂದಿದುದನ್ನು ತೋರಿಸಿದವು. ನರಕೋಶಗಳೇ ನಶಿಸಿದವೋ, ಔಷಧವು ಹೊಳಪನ್ನಷ್ಟೇ ತಗ್ಗಿಸಿತೋ ಎಂಬುದು ಆ ಪರೀಕ್ಷೆಯಿಂದ ತೀರ್ಮಾನವಾಗಲಿಲ್ಲ. ಇನ್ನೊಂದು ಸಂಗತಿಯೂ ಬೆಳಕಿಗೆ ಬಂದಿತು: ಚಿತ್ರ ತೆಗೆಸಿಕೊಂಡವರಲ್ಲಿ ಹತ್ತಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಆ ಹೊಳಪು ಆರಂಭದಲ್ಲೇ ಕುಂದಿರಲಿಲ್ಲ. ರೋಗವೇ ಬೇರೆಯಿದ್ದವರಲ್ಲಿ ಔಷಧದ ಗುಣವನ್ನು ಅಳೆಯುವುದೆಂತು? 2018ರಲ್ಲಿ ಯುರೋಪಿನ ಔಷಧ ನಿಯಂತ್ರಕರು, ಇಂಥ ಪರೀಕ್ಷೆಗಳಿಗೆ ರೋಗಿಗಳನ್ನು ಆರಿಸುವಾಗ ಈ ಚಿತ್ರವನ್ನು ಬಳಸಬಹುದೆಂದು ಒಪ್ಪಿಗೆಯಿತ್ತರು.